ಮೂವತ್ತು ಗೆರೆಗಳ ಮುಖ

ಚಿತ್ರವೆಂದರೆ ಕೂದಲೆಳೆಯೂ ಬಿಡದೆ ಕಾಣಬೇಕೆಂಬುದು ಈಗಿನ ರೂಢಿ. ಇಂದಿನ ಟೆಲಿವಿಷನ್ ಚಿತ್ರದಲ್ಲಿ ಸಾವಿರಕ್ಕೂ ಮಿಕ್ಕ ಗೆರೆಗಳಿರುವುದುಂಟು. ಆದರೆ ಬರಿಯ ೩೦ ಗೆರೆಗಳ ಮಸುಕು ಚಿತ್ರವನ್ನು ಜನರು ಮನೆಯಲ್ಲಿ ಕುಳಿತು ನೋಡಿ ನಲಿದ ಕಾಲವೊಂದಿತ್ತು. ರೇಡಿಯೋ ಕೇಳುವ ನಮಗೆ ಆ ಕಥೆ ಪರಕೀಯವಲ್ಲ; ಆ ಚಿತ್ರ ಬಂದದ್ದು ರೇಡಿಯೋ ಅಲೆಯ ಮೇಲೆಯೇ.

ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ ಅವರು ಲಂಡನ್ನಿನ ಫ್ರಿತ್ ಬೀದಿಯ ಮಹಡಿಯ ಕೋಣೆಯೊಂದರಲ್ಲಿ ಪ್ರಯೋಗ ನಡೆಸುತ್ತಿದ್ದರು. ೧೯೨೫ರ ಅಕ್ಟೋಬರ್ ೨ರಂದು ಆಟದ ಗೊಂಬೆಯೊಂದರ ಮುಖ ಅವರ ಯಂತ್ರದಲ್ಲಿ ಛಾಯೆಗಳ ಸಹಿತ ಮೂಡಿತು. ಹಿಗ್ಗಿನಿಂದ ಕೆಳಗೋಡಿ, ಅಲ್ಲಿನ ಕಚೇರಿಯ ಹುಡುಗನೊಬ್ಬನನ್ನು ಕರೆತಂದು ಯಂತ್ರದ ಮುಂದೆ ಕೂರಿಸಿದರು. ದೀಪಗಳ ಝಳಕ್ಕೆ ಹುಡುಗ ಹಿಂದೆ ಸರಿದ, ಚಿತ್ರ ಬರಿದಾಯಿತು. ಅರ್ಧ ಕ್ರೌನ್ ನಾಣ್ಯ ಕೈಗೆ ಬಂದ ಮೇಲೆ ಅವನ ಮುಖವೂ ಮೂಡಿತು!

ಯಂತ್ರದ ಮರ್ಮ ಸರಳ. ತಿರುಗುವ ತಟ್ಟೆಯಲ್ಲಿ ಸುರುಳಿಯಾಗಿ ಕೊರೆದ ೩೦ ರಂಧ್ರಗಳು, ರಂಧ್ರಕ್ಕೊಂದು ಗೆರೆ, ಸೆಕೆಂಡಿಗೆ ಹನ್ನೆರಡೂವರೆ ಚಿತ್ರ. ಮನೆಯ ಪೆಟ್ಟಿಗೆಯಲ್ಲಿ ನಿಯಾನ್ ದೀಪದ ಕಿತ್ತಳೆ ಬೆಳಕು. ಇಷ್ಟು ಅಲ್ಪವಾದುದರಿಂದಲೇ ಆ ಚಿತ್ರವನ್ನು ಸಾಮಾನ್ಯ ರೇಡಿಯೋ ಕೇಂದ್ರವೇ ಹೊರಬಲ್ಲುದಾಗಿತ್ತು. ಚಿತ್ರದ ಅಲೆಯನ್ನು ರೇಡಿಯೋದಲ್ಲಿ ಹಿಡಿದರೆ ಅದು ಝೇಂಕಾರವಾಗಿ ಕಿವಿಗೂ ಕೇಳುತ್ತಿತ್ತು!

೧೯೨೯ರ ಸೆಪ್ಟೆಂಬರಿನಲ್ಲಿ ಬಿ.ಬಿ.ಸಿ. ಕೇಂದ್ರದಿಂದ ಪ್ರಸಾರ ಮೊದಲಾದಾಗ ಅಲೆ ಒಂದೇ. ಆದುದರಿಂದ ಮುಖ ಒಮ್ಮೆ, ಮಾತು ಒಮ್ಮೆ. ೧೯೩೦ರ ಮಾರ್ಚಿಯಲ್ಲಿ ಇವೆರಡೂ ಕೂಡಿದುವು. ಅದೇ ಜುಲೈ ೧೪ರಂದು ಇಟಲಿಯ ಪಿರಾಂಡೆಲ್ಲೋನ ಕಿರುನಾಟಕ ಪ್ರಸಾರವಾಯಿತು. ಪಾತ್ರಗಳು ಕೆಲವೇ, ಚಲನೆ ಕಡಮೆ ಎಂದೇ ಅದನ್ನು ಆರಿಸಿದ್ದರು. ಒಮ್ಮೆಗೆ ಒಂದೇ ಮುಖ. ಮುಖ ಬದಲಾಗುವಾಗ ಚೌಕಳಿ ಹಲಗೆಯೊಂದು ಅಡ್ಡ ಸರಿಯುತ್ತಿತ್ತು. ಉಳಿದುದನ್ನು ದನಿಯೂ ನೋಡುವವರ ಮನಸ್ಸೂ ತುಂಬಿಕೊಳ್ಳಬೇಕಾಗಿತ್ತು. ಹಲವು ವರ್ಷ ಕಾವ್ಯಪಾಠ ಹೇಳಿದ ನನಗೆ ಇಲ್ಲಿ ಆನಂದವರ್ಧನನ ನೆನಪಾಗುತ್ತದೆ. ಹೇಳಿದ್ದಕ್ಕಿಂತ ಹೊಳೆಯಿಸಿದ್ದರಲ್ಲಿ ರುಚಿ ಹೆಚ್ಚೆಂದವನಲ್ಲವೆ ಆತ?

೧೯೩೫ರ ಸೆಪ್ಟೆಂಬರಿನಲ್ಲಿ ಆ ಪ್ರಸಾರ ನಿಂತಿತು. ಮರುವರ್ಷ ನವೆಂಬರಿನಲ್ಲಿ ೪೦೫ ಗೆರೆಗಳ ಚಿತ್ರದ ಪ್ರಸಾರವೂ ಮೊದಲಾಯಿತು. ಸ್ಪಷ್ಟತೆ ಬಂದಿತು, ದೂರ ಹೋಯಿತು. ಅದನ್ನು ಹೊತ್ತ ಕಿರಿಯ ಅಲೆ ಲಂಡನ್ನಿನ ಸುತ್ತಮುತ್ತಕ್ಕಷ್ಟೆ ಮುಟ್ಟುತ್ತಿತ್ತು. ನಡುವೆ ಯುದ್ಧವೂ ಬಂದು, ಬರ್ಮಿಂಗ್‌ಹ್ಯಾಮ್ ಸೀಮೆಗೆ ಟೆಲಿವಿಷನ್ ಬಂದದ್ದು ೧೯೪೯ರ ಡಿಸೆಂಬರಿನಲ್ಲಿ. ಮಸುಕು ಚಿತ್ರವನ್ನು ದೂರದ ಊರುಗಳಲ್ಲಿ ಹಿಡಿದು ನೋಡುತ್ತಿದ್ದವರ ಪೆಟ್ಟಿಗೆಗಳು ಅಷ್ಟು ಕಾಲ ಕತ್ತಲಾಗಿದ್ದುವು.

ಆದರೂ ಅದೆಲ್ಲ ಅಳಿದುಹೋಗಲಿಲ್ಲ. ೧೯೩೩ರಲ್ಲಿ ಆಸಕ್ತರೊಬ್ಬರು ನೃತ್ಯಪ್ರಸಾರವೊಂದರ ಝೇಂಕಾರವನ್ನು ಮನೆಯಲ್ಲೇ ಅಲ್ಯೂಮಿನಿಯಂ ತಟ್ಟೆಯ ಮೇಲೆ ಮುದ್ರಿಸಿಕೊಂಡಿದ್ದರು. ದಶಕಗಳ ತರುವಾಯ ಗಣಕಯಂತ್ರ ಆ ದನಿಯಿಂದ ಚಿತ್ರವನ್ನು ಹೊರತೆಗೆಯಿತು. ಸಾಲಾಗಿ ನಿಂತ ಹುಡುಗಿಯರು ೩೦ ಗೆರೆಗಳೊಳಗೆ ಇಂದಿಗೂ ಕುಣಿಯುತ್ತಾರೆ. ಅವರ ಕಣ್ಣು ಮೂಗು ತಿಳಿಯದು. ಕುಣಿತದ ಉಲ್ಲಾಸ ಮಾತ್ರ ಚೆನ್ನಾಗಿ ತಿಳಿಯುತ್ತದೆ.