ಹತ್ತು ಸೆಂಟ್ಸಿನ ಚರಿತ್ರೆ

ನಾನು ಕಲಿತದ್ದು ಏಳನೇ ಕ್ಲಾಸು. ಕಸುಬು ಬೇಸಾಯ, ಹಾಡು ಅಮ್ಮನಿಂದ ಬಂದದ್ದು. ನಾವು ಹಾಡುವ ಪಾಡ್ದನಗಳಲ್ಲಿ ಬೀಡು, ಗುತ್ತುಗಳ ಸುದ್ದಿ ಬೇಕಾದಷ್ಟುಂಟು. ಕೋಟಿ ಚೆನ್ನಯರ ಕಥೆಯಲ್ಲಿ ಗದ್ದೆಯ ನೀರಿನ ಜಗಳ ಕೊಲೆಯವರೆಗೆ ಹೋಗುತ್ತದೆ. ಆದರೆ ಧನಿಗಳ ತೋಟದ ಬದಿಯಲ್ಲಿ ಮಡಲಿನ ಬಿಡಾರ ಹಾಕಿ ಕೂತವರಿಗೆ ನೆಲ ಸಿಕ್ಕಿದ ಕಥೆಯನ್ನು ಯಾರೂ ಹಾಡಿದ್ದು ನಾನು ಕೇಳಲಿಲ್ಲ. ಹಾಡದಿದ್ದರೆ ಬರೆದಾದರೂ ಇಡುವ ಅಂತ ಕೂತಿದ್ದೇನೆ.

ನಮ್ಮ ಕಾಸರಗೋಡು ಸೀಮೆ 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯದ್ದು. ಆಗ ಇಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಎರಡು ಬಗೆ. ಮೂಲಗೇಣಿಯವನದ್ದು ಕಾಯಂ ಹಕ್ಕು. ಚಾಲಗೇಣಿಯವನದ್ದು ಧನಿ ಇರು ಅಂದಷ್ಟು ದಿನ. ಇವರಿಬ್ಬರಿಗಿಂತ ಕೆಳಗೆ ಇನ್ನೊಂದು ಜಾತಿ ಇತ್ತು, ಗೇಣಿಯೂ ಇಲ್ಲದವರದ್ದು. ನಾವು ಆ ಪೈಕಿ. ಬಾಡಿಗೆ ದುಡ್ಡು ಕೊಡಲಿಕ್ಕಿಲ್ಲ. ಅದಕ್ಕೆ ಬದಲಾಗಿ ಧನಿಯ ಕೆಲಸಕ್ಕೆ ಕರೆದ ದಿನ ಬೇರೆ ಕಡೆ ಹೋಗಬಾರದು, ಹಬ್ಬಕ್ಕೆ ತರಕಾರಿ, ಬಾಳೆಗೊನೆ ಬುಳೆಕಾಣಿಕೆ ಒಯ್ಯಬೇಕು. ನನ್ನ ಸೋದರಮಾವ ಒಂದು ದಿನ ಜ್ವರ ಅಂತ ಕೆಲಸಕ್ಕೆ ಹೋಗಲಿಲ್ಲ. ಸಂಜೆಯೊಳಗೆ ಬಿಡಾರ ಕಿತ್ತುಕೊಂಡು ಹೋಗು ಅಂತ ಅವನ ಧನಿ ಹೇಳಿ ಕಳಿಸಿದರು. ಮಾವ, ಅತ್ತೆ, ಮೂರು ಮಕ್ಕಳು ಪಾತ್ರೆ ಹೊತ್ತುಕೊಂಡು ನಮ್ಮ ಜಗಲಿಗೆ ಬಂದದ್ದು ನನಗೆ ನೆನಪುಂಟು. ಕೇಳುವವರು ಯಾರೂ ಇರಲಿಲ್ಲ.

ಕೇರಳ ಆದ ಮೇಲೆ 1957ರ ಏಪ್ರಿಲಿನಲ್ಲಿ ಇ.ಎಂ.ಎಸ್. ಸರಕಾರ ಬಂತು. ಬಂದು ವಾರ ಕಳೆಯುವುದರೊಳಗೆ, ಏಪ್ರಿಲ್ 11ಕ್ಕೆ, ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಟಿತು. ಆಮೇಲೆ ದೊಡ್ಡ ಕಾಯ್ದೆ ವಿಧಾನಸಭೆಯಲ್ಲಿ ಪಾಸಾಯಿತು. 1959ರಲ್ಲಿ ಸರಕಾರವೇ ವಜಾ ಆಯಿತು. 1961ರಲ್ಲಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು, ಅದೇ ವರ್ಷ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ನಮ್ಮ ಕಡೆಯ ನೆಲಕ್ಕೆ ಸಲ್ಲದು ಅಂತ ತಳ್ಳಿಹಾಕಿತು. ಆ ದಾವೆ ಹೋದದ್ದು ಎಲ್ಲಿಂದ ಗೊತ್ತುಂಟೋ? ನಮ್ಮ ಹೊಸದುರ್ಗ, ಕಾಸರಗೋಡು ತಾಲೂಕುಗಳಿಂದಲೇ. ಕರಿಂಬಿಲ್ ಕುಂಞಿಕೋಮನ್ ಕೇಸು ಅಂತ ವಕೀಲರು ಈಗಲೂ ಹೇಳುತ್ತಾರೆ. ಇಲ್ಲಿಯದ್ದು ಮದರಾಸು ಕಾಲದ ರೈತವಾರಿ ಪಟ್ಟೆಯ ಭೂಮಿ, ಸಂವಿಧಾನ 'ಎಸ್ಟೇಟು' ಅಂತ ಹೇಳಿದ ಲೆಕ್ಕಕ್ಕೆ ಅದು ಬರುವುದಿಲ್ಲ ಅಂತ ತೀರ್ಪು. ಮತ್ತೆ 1964ರಲ್ಲಿ ಸಂವಿಧಾನಕ್ಕೆ 17ನೇ ತಿದ್ದುಪಡಿ ಮಾಡಿ ರೈತವಾರಿಯನ್ನೂ ಅದರೊಳಗೆ ಸೇರಿಸಿದರು. ನಮ್ಮ ಮೂಲೆಯ ಊರಿನ ಪಟ್ಟೆಗಾಗಿ ದೇಶದ ಸಂವಿಧಾನವನ್ನೇ ತಿದ್ದಬೇಕಾಯಿತು. ಮಾಸ್ತರರು ಇದನ್ನು ಮಕ್ಕಳಿಗೆ ಹೇಳಬೇಕು.

ಅಷ್ಟರಲ್ಲಿ 1963ರ ಕೇರಳ ಭೂಸುಧಾರಣಾ ಕಾಯ್ದೆ ಬಂದಿತ್ತು. 1969ರಲ್ಲಿ ಅದಕ್ಕೆ ಬಲವಾದ ತಿದ್ದುಪಡಿ ಆಗಿ 1970ರ ಜನವರಿ 1ಕ್ಕೆ ಜಾರಿಯಾಯಿತು. ಅದರಲ್ಲಿ ನಮ್ಮಂಥವರಿಗೆ ಒಂದು ಹೆಸರು ಇತ್ತು: ಕುಡಿಕಿಡಪ್ಪುಕಾರ. ಸ್ವಂತ ಮನೆ ಕಟ್ಟಲಿಕ್ಕೆ ಜಾಗ ಇಲ್ಲದೆ, ಇನ್ನೊಬ್ಬರ ಅನುಮತಿಯಿಂದ ಅವರ ನೆಲದಲ್ಲಿ ಮನೆ ಕಟ್ಟಿ ಕೂತವನು. ಇಲ್ಲವೇ ಧನಿಯೇ ಕಟ್ಟಿಸಿದ ಗುಡಿಸಲಿನಲ್ಲಿ ಇರುವವನು. ಆ ಗುಡಿಸಲು ಕಟ್ಟುವಾಗ 750 ರೂಪಾಯಿಗಿಂತ ಹೆಚ್ಚು ಖರ್ಚಾಗಿರಬಾರದು, ಅಥವಾ ಆಗ ತಿಂಗಳಿಗೆ 5 ರೂಪಾಯಿಗಿಂತ ಹೆಚ್ಚು ಬಾಡಿಗೆ ಬರುವಂಥದ್ದಾಗಿರಬಾರದು. ಇಂಥವರಿಗೆ ಪಂಚಾಯತಿನಲ್ಲಿ 10 ಸೆಂಟ್ಸು, ಮುನಿಸಿಪಾಲಿಟಿಯಲ್ಲಿ 5, ದೊಡ್ಡ ಪೇಟೆಯಲ್ಲಿ 3 ಸೆಂಟ್ಸು ಕ್ರಯಕ್ಕೆ ಪಡೆಯುವ ಹಕ್ಕು. ಕ್ರಯ ಮಾರುಕಟ್ಟೆ ಬೆಲೆಯ ನಾಲ್ಕರಲ್ಲಿ ಒಂದು ಪಾಲು. ಧನಿಯ ಭೂಮಿ ಮಿತಿಗಿಂತ ಹೆಚ್ಚಿದ್ದರೆ ಎಂಟರಲ್ಲಿ ಒಂದು ಪಾಲು. ಅದರಲ್ಲೂ ಅರ್ಧ ಸರಕಾರದ ನಿಧಿಯಿಂದ. ತೆಂಕು ಕಡೆ ಆಲಪ್ಪುಳದಲ್ಲಿ ಜನ ಯಾರನ್ನೂ ಕಾಯದೆ ಹತ್ತು ಸೆಂಟ್ಸಿಗೆ ಬೇಲಿ ಕಟ್ಟಿಕೊಂಡರು.

ನಮ್ಮಮ್ಮ ಬೇಲಿ ಕಟ್ಟಲಿಲ್ಲ. ಅರ್ಜಿ ಹಾಕಲಿಕ್ಕೂ ಒಪ್ಪಲಿಲ್ಲ. "ನಿನ್ನನ್ನು ಹೆತ್ತಾಗ ಧನಿಯ ಮನೆಯಿಂದ ಗಂಜಿ ಬಂದದ್ದು, ಅವರ ಮೇಲೆ ಕಾಗದ ಕೊಡುವುದೋ?" ಅಂತ ಅತ್ತಳು. ಕನ್ನಡ ಶಾಲೆಯ ಒಬ್ಬರು ಮಾಸ್ತರರು ಎರಡು ಸಲ ಮನೆಗೆ ಬಂದು ಹೇಳಿದರು, "ಗಂಜಿ ಕೊಟ್ಟದ್ದು ಅವರ ಒಳ್ಳೆಯತನ. ಅದನ್ನು ಮರೆಯಬೇಡ. ಆದರೆ ಅವರ ಮಗನೂ ಹಾಗೇ ಇರುತ್ತಾನೆ ಅಂತ ಬರೆದುಕೊಟ್ಟವರು ಯಾರು?" ಮಾವ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅಮ್ಮ ಅವನ ಮುಖ ನೋಡಿ ಹೆಬ್ಬೆಟ್ಟು ಒತ್ತಿದಳು.

ಲ್ಯಾಂಡ್ ಟ್ರಿಬ್ಯೂನಲಿನಿಂದ ಸರ್ಟಿಫಿಕೇಟು ಬಂತು, ಮಲೆಯಾಳದಲ್ಲಿ. ನಮಗೆ ಯಾರಿಗೂ ಓದಲಿಕ್ಕೆ ಬರಲಿಲ್ಲ. ಧನಿ ಒಂದು ವರ್ಷ ಮಾತಾಡಲಿಲ್ಲ. ಅಮ್ಮ ಆ ವರ್ಷವೂ ಹಬ್ಬಕ್ಕೆ ಬುಳೆಕಾಣಿಕೆ ಒಯ್ದಳು. ಯಾಕೆ ಅಂತ ನಾನು ಸಿಟ್ಟಿನಿಂದ ಕೇಳಿದೆ. "ಮೊದಲು ಕೊಡಲೇಬೇಕಿತ್ತು. ಈಗ ಕೊಡಬೇಕು ಅಂತ ಅನಿಸಿತು, ಕೊಟ್ಟೆ" ಅಂದಳು.

ಈ ಕಾಯ್ದೆಯಿಂದ ಎಲ್ಲ ಸರಿಯಾಯಿತು ಅಂತ ನಾನು ಹೇಳುವುದಿಲ್ಲ. ಚಾಲಗೇಣಿಯವನಿಗೆ ತೋಟವೇ ಸಿಕ್ಕಿತು, ಅವನ ಕೈಕೆಳಗೆ ದುಡಿದವನಿಗೆ ಮನೆಯಡಿ ಮಾತ್ರ. ಹತ್ತು ಸೆಂಟ್ಸಿನಲ್ಲಿ ನಾಲ್ಕು ತೆಂಗು ನೆಡಬಹುದು, ಹೊಟ್ಟೆ ತುಂಬುವುದಿಲ್ಲ. ಈಗ ಅದು ಮೂರು ಮಕ್ಕಳಿಗೆ ಪಾಲಾದ ಮನೆಗಳೂ ಉಂಟು. ಹೆದರಿಯೋ ದಾಕ್ಷಿಣ್ಯದಿಂದಲೋ ಅರ್ಜಿ ಹಾಕದೆ ಉಳಿದವರೂ ನಮ್ಮ ಊರಿನಲ್ಲೇ ಇದ್ದರು.

ಕಾಲ ತಿರುಗಿತು. ದುಡಿದು ಒಂದಷ್ಟು ಅಡಿಕೆ ತೋಟ ಮಾಡಿದ್ದೇನೆ, ರಸ್ತೆ ಬದಿಯ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದೇನೆ. ಈಗ ನಾನೇ ಧನಿ! ಬಾಡಿಗೆ ಮನೆಗಳಿಗೆ 1965ರ ಬೇರೆ ಕಾಯ್ದೆ ಉಂಟು. ಸರಕಾರ ಹೆಸರಿಸಿದ ಜಾಗಗಳಿಗೆ ಮಾತ್ರ ಅದು ಸಲ್ಲುತ್ತದೆ. ಬಾಡಿಗೆ ಬಾಕಿ, ಕೇಳದೆ ಬೇರೆಯವರಿಗೆ ಒಳಬಾಡಿಗೆ ಕೊಟ್ಟದ್ದು, ಮಾಲಿಕನಿಗೆ ನಿಜವಾಗಿ ಮನೆ ಬೇಕಾದದ್ದು, ಇಂಥ ಕಾರಣ ಹೇಳಿ ಬಾಡಿಗೆ ಕೋರ್ಟಿನ ಮೂಲಕವೇ ಬಿಡಿಸಬೇಕು ಅಂತ ಅದರ ತಾತ್ಪರ್ಯ. ಅದು ನಮ್ಮ ಊರಿಗೆ ಸಲ್ಲಲಿ, ಸಲ್ಲದಿರಲಿ, ನಾನು ಕೀಲಿಕೈ ಕೊಡುವ ಮೊದಲು ಕರಾರು ಬರೆಯುತ್ತೇನೆ, ಬಾಡಿಗೆಗೆ ರಸೀದಿ ಕೊಡುತ್ತೇನೆ. ಮೊನ್ನೆ ಒಬ್ಬ ಬಾಡಿಗೆಯವನು ಎರಡು ತಿಂಗಳು ದುಡ್ಡು ಕೊಡದಾಗ "ಸಂಜೆಯೊಳಗೆ" ಅಂತ ಮಾತು ಬಾಯಿಗೆ ಬಂದಿತ್ತು. ಮಾವನ ಮಕ್ಕಳು ಪಾತ್ರೆ ಹೊತ್ತು ಬಂದದ್ದು ನೆನಪಾಗಿ ನುಂಗಿಕೊಂಡೆ. ಒಂದು ತಿಂಗಳ ವಾಯಿದೆ ಕೊಟ್ಟೆ.

ಓದುವವರಲ್ಲಿ ಒಂದು ಮಾತು. ನಿಮ್ಮ ಮನೆಯ ಹಳೇ ಪೆಟ್ಟಿಗೆಯಲ್ಲಿ ಅಂಥ ಸರ್ಟಿಫಿಕೇಟು ಇದ್ದರೆ ಗೆದ್ದಲು ಹಿಡಿಯುವ ಮೊದಲು ತೆಗೆದು ಬಿಸಿಲಿಗೆ ಹಾಕಿ. ಮಲೆಯಾಳ ಗೊತ್ತಿದ್ದ ಮಕ್ಕಳಿಂದ ಓದಿಸಿ ಕೇಳಿ. ನಮ್ಮದನ್ನು ನನ್ನ ಮೊಮ್ಮಗಳು ಓದಿ ಹೇಳಿದಳು. ಅದರಲ್ಲಿ ಅಮ್ಮನ ಪೂರಾ ಹೆಸರಿತ್ತು. ಕಾಗದದ ಮೇಲೆ ಅಮ್ಮನ ಹೆಸರು ನಾನು ಕೇಳಿದ್ದು ಅದೇ ಮೊದಲು.