ಕೆಂಡದಡಿಯ ಪಾಕ

ಕ್ರೊವೇಷಿಯ ದೇಶದ ಏಡ್ರಿಯಾಟಿಕ್ ಕರಾವಳಿಯಲ್ಲಿ ಡಾಲ್ಮೇಷಿಯ ಎಂಬ ಸೀಮೆಯಿದೆ. ಅಲ್ಲಿಯವರು ಹಬ್ಬಕ್ಕೂ ನೆಂಟರ ಊಟಕ್ಕೂ ಮಾಡುವ ಅಡಿಗೆಯೊಂದಕ್ಕೆ ‘ಪೇಕ’ ಎಂದು ಹೆಸರು. ಕುರಿಮರಿಯ ಮಾಂಸ, ಆಲೂಗೆಡ್ಡೆ, ಕ್ಯಾರೆಟ್, ಈರುಳ್ಳಿಗಳನ್ನು ಅಗಲವಾದ ತಟ್ಟೆಯಲ್ಲಿ ಹರಡಿ, ಗಂಟೆಯ ಆಕಾರದ ಮುಚ್ಚಳವನ್ನು ಕವುಚಿ, ಅದರ ಮೇಲೆ ಕೆಂಡ ಸುರಿದು ಬೇಯಿಸುತ್ತಾರೆ.

ಕನ್ನಡ ಪಾಠ ಹೇಳುವ ನನ್ನನ್ನು ಮೊದಲು ಸೆಳೆದದ್ದು ಆ ಹೆಸರು. ಬೇಯಿಸು, ಸುಡು ಎಂಬರ್ಥದ ಸ್ಲಾವಿಕ್ ಧಾತುವಿನಿಂದ ಅದು ಬಂದಿದೆ. ಆ ಧಾತು ಸಂಸ್ಕೃತದ ‘ಪಚ್’ ಧಾತುವಿನ ಒಡಹುಟ್ಟು. ನಾವು ಸಂಸ್ಕೃತದಿಂದ ಪಡೆದು ನಮ್ಮದಾಗಿಸಿಕೊಂಡ ಪಾಕ, ಪಕ್ವ ಎಂಬ ಮಾತುಗಳಿಗೆ ಪೇಕ ದಾಯಾದಿ. ಲ್ಯಾಟಿನ್ನಿನ ದಾರಿಯಿಂದ ಬಂದ ಇಂಗ್ಲಿಷಿನ ‘ಕುಕ್’ ಕೂಡ ಅದೇ ಮನೆತನದ್ದು. ಆದರೆ ಪೇಕ ಎಂಬುದು ಮೂಲತಃ ಅಡಿಗೆಯ ಹೆಸರಲ್ಲ, ಮುಚ್ಚಳದ ಹೆಸರು. ‘ಪೇಕದ ಕೆಳಗಿನ ಮಾಂಸ’ ಎಂದೇ ಅವರು ಹೇಳುವುದು.

ಪ್ರವಾಸಿಗಳ ಮುಂದೆ ಇದನ್ನು ಇಡುವಾಗ ಪುರಾತನ ಭಕ್ಷ್ಯವೆಂದು ವರ್ಣಿಸುವುದುಂಟು. ಮುಚ್ಚಳದ ಮಟ್ಟಿಗೆ ಆ ಮಾತು ಸಲ್ಲುತ್ತದೆ. ಕ್ರಿಸ್ತಪೂರ್ವ 160ರ ಸುಮಾರಿನಲ್ಲಿ ರೋಮಿನ ಕೇಟೊ ಬೇಸಾಯವನ್ನು ಕುರಿತು ಬರೆದ ಗ್ರಂಥದಲ್ಲಿ ‘ಲಿಬುಮ್’ ಎಂಬ ರೊಟ್ಟಿಯ ಪಾಕವಿದೆ: ಎರಡು ಪೌಂಡು ಚೀಸು, ಒಂದು ಪೌಂಡು ಹಿಟ್ಟು, ಒಂದು ಮೊಟ್ಟೆ, ನಾದಿ, ಎಲೆಗಳ ಮೇಲಿಟ್ಟು, ಬಿಸಿಯಾದ ಒಲೆಯ ನೆಲದಲ್ಲಿ ಮಣ್ಣಿನ ಮುಚ್ಚಳದಡಿ ನಿಧಾನವಾಗಿ ಬೇಯಿಸತಕ್ಕದ್ದು. ಮತ್ತೊಂದು ಭಕ್ಷ್ಯಕ್ಕೆ ಮುಚ್ಚಳದ ಮೇಲೂ ಸುತ್ತಲೂ ಕೆಂಡ ಹಾಕಬೇಕೆನ್ನುತ್ತಾನೆ. ಇದು ಪೇಕವಲ್ಲದೆ ಮತ್ತೇನು?

ತಟ್ಟೆಯೊಳಗಿನ ಕತೆ ಬೇರೆ. ಆಲೂಗೆಡ್ಡೆ ದಕ್ಷಿಣ ಅಮೆರಿಕದಿಂದ ಯೂರೋಪಿಗೆ ಬಂದದ್ದೇ 16ನೆಯ ಶತಮಾನದಲ್ಲಿ. ಈ ಭಾಗದ ರೈತರ ಹೊಲಕ್ಕಿಳಿದದ್ದು ಇನ್ನೂ ಬಹಳ ತಡವಾಗಿ. ಪಟ್ಟ ಬಿಟ್ಟು 305ರಲ್ಲಿ ಸ್ಪ್ಲಿಟ್ಟಿನ ಅರಮನೆಗೆ ಬಂದು ಕೋಸು ಬೆಳೆದನೆಂದು ಪ್ರತೀತಿಯಿರುವ ಡಯೊಕ್ಲೀಷಿಯನ್ ಚಕ್ರವರ್ತಿಗೆ ಆಲೂಗೆಡ್ಡೆಯ ಹೆಸರೂ ಗೊತ್ತಿರಲಿಲ್ಲ.

ಪೇಕದ ನಿತ್ಯದ ಕೆಲಸ ಮಾಂಸವೂ ಅಲ್ಲ, ರೊಟ್ಟಿ. ಹಳೆಯ ಮನೆಗಳಲ್ಲಿ ‘ಕೊಮಿನ್’ ಎಂಬ ಹೊಗೆಗಟ್ಟಿದ ಅಡಿಗೆಮನೆಯಿರುತ್ತಿತ್ತು. ಅದರಲ್ಲಿ ತೆರೆದ ಒಲೆ. ಹೆಂಗಸರು ಕಲ್ಲನ್ನು ಕಾಯಿಸಿ, ಕೆಂಡ ಸರಿಸಿ, ಬೂದಿ ಗುಡಿಸಿ, ಹಿಟ್ಟಿನ ಮುದ್ದೆಯನ್ನಿಟ್ಟು ಮುಚ್ಚಳ ಕವುಚುತ್ತಿದ್ದರು. ಸುಣ್ಣಕಲ್ಲಿನ ಬೋಳುಗುಡ್ಡಗಳಲ್ಲಿ, ದ್ವೀಪಗಳಲ್ಲಿ ಸೌದೆ ದುರ್ಲಭ. ದೊಡ್ಡ ಗೂಡೊಲೆ ಕಾಯಿಸಲಾರದ ಮನೆಗೆ ದ್ರಾಕ್ಷಿಬಳ್ಳಿಯ ಕಡ್ಡಿಗಳ ಕೆಂಡವೇ ಸಾಕಾಗುತ್ತಿತ್ತು. ಎಂದರೆ ಪೇಕ ಬಡವರ ಗೂಡೊಲೆ. ಹಾಲಿಗೂ ಉಣ್ಣೆಗೂ ಸಾಕಿದ ಕುರಿಯ ಮರಿಯನ್ನು ಕೊಯ್ಯುತ್ತಿದ್ದದ್ದು ವಿಶೇಷದ ದಿನ ಮಾತ್ರ. ಅಂಗಡಿಯ ರೊಟ್ಟಿಯೂ ಕಬ್ಬಿಣದ ಒಲೆಯೂ ಬಂದ ಮೇಲೆ ನಿತ್ಯದ ಕೆಲಸ ತಪ್ಪಿತು, ಹಬ್ಬದ್ದು ಉಳಿಯಿತು. ಇಂದು ನಾವು ಸಂಪ್ರದಾಯವೆಂದು ಮೆಚ್ಚುವುದು ಆ ಉಳಿದ ಅರ್ಧವನ್ನು. ದಿನವೂ ಬೂದಿ ಗುಡಿಸಿದವರ ನೆನಪು ಅದರಲ್ಲಿಲ್ಲ.

ಮುಚ್ಚಳವೂ ಬದಲಾಗಿದೆ. ಈಜ್ ದ್ವೀಪದ ಕುಂಬಾರರು ಕೈಯಿಂದ ತಿರುಗಿಸುವ ತಿಗರಿಯಲ್ಲಿ ಮಡಕೆ ಮಾಡಿ, ಬಯಲು ಬೆಂಕಿಯಲ್ಲಿ ಸುಡುತ್ತಿದ್ದರು; ಒಲೆಯ ಉರಿಗೆ ಒಡೆಯದಿರಲೆಂದು ಮಣ್ಣಿಗೆ ಕ್ಯಾಲ್ಸೈಟ್ ಕಲ್ಲಿನ ಪುಡಿ ಬೆರೆಸುವುದಿತ್ತು. ಈಗ ಹೆಚ್ಚಾಗಿ ಕಾಣುವುದು ಕಬ್ಬಿಣದ, ಉಕ್ಕಿನ ಮುಚ್ಚಳ. ಪಟ್ಟಣದ ಮನೆಗಳಲ್ಲಿ ದಪ್ಪ ಪಾತ್ರೆಯನ್ನು ಮುಚ್ಚಿ ವಿದ್ಯುತ್ ಒಲೆಯೊಳಗಿಟ್ಟು ಬೇಯಿಸುವವರೂ ಇದ್ದಾರೆ. ಮಾಂಸ ಮೆತ್ತಗಾಗುತ್ತದೆ, ಸಂದೇಹವಿಲ್ಲ. ಆದರೆ ಕೆಂಡವೇ ಇಲ್ಲದೆ ಅದನ್ನು ಪೇಕವೆನ್ನುವುದು ನನಗೆ ಒಪ್ಪಿಗೆಯಿಲ್ಲ.

ಕೆಂಡದ ಕೆಲಸ ಎರಡು ಬಗೆಯದು. ಒಳಗಿನ ಹಬೆ ಮುಚ್ಚಳಕ್ಕೆ ತಾಗಿ ಮತ್ತೆ ತೊಟ್ಟಿಕ್ಕಿ ಮಾಂಸವನ್ನು ಒಣಗಗೊಡುವುದಿಲ್ಲ. ಮೇಲಿನ ಕಾವು ಅದನ್ನೇ ಕೆಂಪಗೆ ಹುರಿಯುತ್ತದೆ. ಇದಕ್ಕೆ ಸುಮಾರು ಎರಡು ಗಂಟೆ ಬೇಕು. ಆದುದರಿಂದಲೇ ಅಲ್ಲಿನ ಹೋಟೆಲುಗಳಲ್ಲಿ ಮುಂಚೆಯೇ ಹೇಳಿಡಬೇಕು. ನಡುವೆ ಒಂದು ಸಲ ಮುಚ್ಚಳ ತೆಗೆದು, ಮಾಂಸ ಮಗುಚಿ, ಬಿಳಿಯ ದ್ರಾಕ್ಷಾರಸದ ಮದ್ಯ ಚಿಮುಕಿಸುತ್ತಾರೆ. ಕೊಕ್ಕೆಯಿಂದ ಎತ್ತುವಾಗ ಬೂದಿ ಒಳಗೆ ಉದುರದಂತೆ ಮುಚ್ಚಳದ ಸುತ್ತ ಒಂದು ಬಳೆ ಕಟ್ಟಿರುತ್ತದೆ.