ಅತ್ತಿಯ ಹಣ್ಣಿನೊಳಗಿನ ಕಣಜ

ಅತ್ತಿಯ ಹಣ್ಣನ್ನು ಬಿಡಿಸಿದರೆ ಒಳಗೆಲ್ಲ ಹುಳು ಎಂಬುದು ಕನ್ನಡಿಗರಿಗೆ ಗಾದೆಯಾಗಿಯೇ ಪರಿಚಿತ. ಆದರೆ ಆ ಹುಳುಗಳಿಲ್ಲದೆ ಅತ್ತಿಯಲ್ಲಿ ಬೀಜ ಕಟ್ಟುವುದಿಲ್ಲ. ಸುಮಾರು 2 ಮಿ.ಮೀ. ಉದ್ದದ 'ಸೆರಾಟೊಸೊಲೆನ್ ಫ್ಯೂಸಿಸೆಪ್ಸ್' ಎಂಬ ಕಣಜವೇ ಈ ಮರದ ಪರಾಗವಾಹಕ. ಆಲ, ಅರಳಿ, ಅಂಜೂರಗಳೂ ಸೇರಿದಂತೆ 750ಕ್ಕೂ ಹೆಚ್ಚು ಪ್ರಭೇದಗಳಿರುವ ಫೈಕಸ್ ಕುಲವು ಇಂಥ ಕಣಜಗಳನ್ನೇ ನೆಚ್ಚಿಕೊಂಡಿದೆ.

ಅತ್ತಿಯ ಹೂ ಕಣ್ಣಿಗೆ ಬೀಳದಿರಲು ಕಾರಣವಿದೆ. ಕಾಯಿಯಂತೆ ತೋರುವುದು ವಾಸ್ತವವಾಗಿ ನೂರಾರು ಕಿರುಹೂಗಳನ್ನು ಒಳಗಿಟ್ಟುಕೊಂಡು ಮುಚ್ಚಿದ ಹೂಗೊಂಚಲು. ಹೆಣ್ಣುಹೂಗಳು ಪಕ್ವವಾದಾಗ ಹೊಮ್ಮುವ ಪರಿಮಳವನ್ನು ಅರಸಿ ಬರುವ ಹೆಣ್ಣು ಕಣಜ, ತುದಿಯ ಕಿರಿದಾದ ರಂಧ್ರದಲ್ಲಿ ನುಸುಳುತ್ತದೆ. ಆ ಇಕ್ಕಟ್ಟಿನಲ್ಲಿ ಸಾಮಾನ್ಯವಾಗಿ ರೆಕ್ಕೆಗಳು ಕಳಚಿಹೋಗುತ್ತವೆ. ಎದೆಯ ಭಾಗದ ಪುಟ್ಟ ಚೀಲಗಳಲ್ಲಿ ತಂದ ಪರಾಗವನ್ನು ಅದು ಹೂಗಳಿಗೆ ಸವರುತ್ತದೆ. ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಮೊಟ್ಟೆಯಿಟ್ಟ ಹೂಗಳು ಗಂಟುಗಳಾಗಿ ಮರಿಗಳನ್ನು ಪೋಷಿಸುತ್ತವೆ, ಉಳಿದವು ಬೀಜವಾಗುತ್ತವೆ.

ಕೆಲವು ವಾರಗಳ ಬಳಿಕ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬರುತ್ತವೆ. ಗಂಟಿನೊಳಗಿರುವ ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆ ಕೊರೆದು ದಾರಿಮಾಡಿ, ಅಸುನೀಗುತ್ತವೆ. ಅಷ್ಟರಲ್ಲಿ ಅರಳಿದ ಗಂಡುಹೂಗಳ ಪರಾಗ ತುಂಬಿಕೊಂಡ ಹೆಣ್ಣುಗಳು ಆ ದಾರಿಯಿಂದ ಹಾರಿಹೋಗುತ್ತವೆ.

ಈ ಒಡನಾಟಕ್ಕೆ ಕನ್ನ ಹಾಕುವ ಕಣಜಗಳೂ ಇವೆ. ಅವು ಪರಾಗ ಒಯ್ಯದೆ, ಉದ್ದನೆಯ ಅಂಡನಾಳದಿಂದ ಹೊರಗಿನಿಂದಲೇ ಕಾಯಿಯನ್ನು ಕೊರೆದು ಮೊಟ್ಟೆಯಿಡುತ್ತವೆ. ಅಂಥ ಒಂದು ಪರಾವಲಂಬಿ ಕಣಜದ, ಕೂದಲಿಗಿಂತ ತೆಳುವಾದ ಅಂಡನಾಳದ ಹಲ್ಲುಗಳು ಸತುವಿನಿಂದ ಗಟ್ಟಿಗೊಂಡಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ವರದಿ ಮಾಡಿದರು.

ಹಾರಿದ ಹೆಣ್ಣಿಗೆ ಉಳಿದಿರುವುದು ಒಂದೆರಡು ದಿನದ ಆಯಸ್ಸು. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬಲಿಯುವುದರಿಂದ, ಅದು ಬೇರೊಂದು ಮರವನ್ನೇ ಹುಡುಕಬೇಕು. ಗಾಳಿಯ ನೆರವು ದೊಡ್ಡದು: ನಮೀಬಿಯಾದಲ್ಲಿ ಇದೇ ಕುಲದ ಕಣಜವೊಂದು 160 ಕಿ.ಮೀ.ವರೆಗೆ ಪರಾಗ ಒಯ್ದುದು 2009ರ ಅಧ್ಯಯನದಲ್ಲಿ ಕಂಡುಬಂದಿತು. ಆದರೆ ಸೆಕೆ ಈ ಅಲ್ಪಾಯುಷ್ಯವನ್ನೂ ಮೊಟಕುಗೊಳಿಸುತ್ತದೆ. ಉಷ್ಣಾಂಶ 3 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೂ ಪರಾಗವಾಹಕ ಕಣಜಗಳ ಆಯಸ್ಸು ಗಣನೀಯವಾಗಿ ಕುಗ್ಗುವುದೆಂದು ಸಿಂಗಪುರದ ನಾಲ್ಕು ಪ್ರಭೇದಗಳ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನ ಎಚ್ಚರಿಸಿದೆ.

ಆದ್ದರಿಂದ ರಸ್ತೆಬದಿಯ ಅತ್ತಿಯೊಂದು ಉರುಳಿದರೆ ನಷ್ಟ ಆ ಮರಕ್ಕಷ್ಟೇ ಸೀಮಿತವಲ್ಲ. ಪರಾಗ ಹೊತ್ತು ಹೊರಟ ಕಣಜಕ್ಕೆ ತಂಗುದಾಣ ತಪ್ಪುತ್ತದೆ. ಸುತ್ತಲಿನ ಮರಗಳಲ್ಲಿ ಬೀಜ ಕಟ್ಟುವುದೂ, ಆ ಹಣ್ಣನ್ನು ನಂಬಿದ ಹಕ್ಕಿ, ಬಾವಲಿಗಳ ಆಹಾರವೂ ಅದರೊಂದಿಗೆ ಕುಗ್ಗುತ್ತವೆ.